ಗುಳೇದಗುಡ್ಡದ ಸುತ್ತಿನ ಹಳೆಯ ಮನೆಗಳೂ ತೀರ್ಥಗಳೂ

ಪ್ರವಾಸವೆಂದರೆ ದೂರದ ದೇಶಗಳನ್ನು ಸುತ್ತಿ ಬರುವುದೆಂದೇ ನಮ್ಮಲ್ಲನೇಕರ ತಿಳಿವಳಿಕೆಯಾಗಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಔಷಧಕ್ಕೆ ಸಲ್ಲುವಂತೆ ಊರುಗಳಿಗೂ ಸಲ್ಲುತ್ತದೆ. ಇಂಗ್ಲೆಂಡಿನವರು ಈ ವಿಷಯದಲ್ಲಿ ಬಹಳ ಜಾಗರೂಕರು. ತಮ್ಮ ಸೀಮೆಯ ಹಳೆಯ ಮನೆಗಳನ್ನೂ ಚೆಲುವಾದ ಎಡೆಗಳನ್ನೂ ಕಾಪಾಡುವುದಕ್ಕಾಗಿ ಅವರು 1895ರಲ್ಲಿಯೇ ನ್ಯಾಶನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ರಜೆಯ ದಿನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಹತ್ತಿರದ ಹಳೆಯ ಮನೆಯನ್ನೋ ಉದ್ಯಾನವನ್ನೋ ಕಾಲುವೆಯ ದಂಡೆಯನ್ನೋ ನೋಡಿ ಬರುವುದು ಅಲ್ಲಿಯ ಗೃಹಸ್ಥರಿಗೆ ರೂಢಿಯಾಗಿದೆ.

ಅಂಥ ಸ್ಥಳಗಳು ನಮ್ಮಲ್ಲಿ ಇಲ್ಲವೆ? ಬೇಕಾದಷ್ಟಿವೆ. ಆದರೆ ಅವುಗಳ ರೂಪ ಬೇರೆ. ನಮ್ಮ ಚಾಲುಕ್ಯ ಅರಸರು ವಾಸವಾಗಿದ್ದ ಅರಮನೆಗಳು ಮಣ್ಣುಗೂಡಿದವು. ಅವರು ದೇವರಿಗಾಗಿ ಕಟ್ಟಿಸಿದ ಮನೆಗಳು ಮಾತ್ರ ಉಳಿದುಕೊಂಡವು; ಆ ಮನೆಗಳ ಮಗ್ಗುಲಿಗೆ ನೀರು ಉಳಿಯಿತು; ನೀರಿನ ಆಸರೆಯಲ್ಲಿ ಒಕ್ಕಲಿಗರ, ನೇಕಾರರ ಮನೆಗಳು ಉಳಿದವು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಹೊರಟು ಮೂರು ದಿನಗಳಲ್ಲಿ ಇವುಗಳನ್ನೆಲ್ಲ ಕುಟುಂಬಸಹಿತವಾಗಿ ನೋಡಿ ಬರುವ ಬಗೆಯನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿಗೆ ಬರುವವರು ಸಾಮಾನ್ಯವಾಗಿ ಕಲ್ಲನ್ನು ನೋಡುತ್ತಾರೆ, ನೀರನ್ನು ನೋಡುವುದಿಲ್ಲ. ನೀರನ್ನು ನೋಡದವನಿಗೆ ಇಲ್ಲಿಯ ಕಲ್ಲು ಅರ್ಧ ಮಾತ್ರವೇ ಕಂಡೀತು.

ಏಕೆಂದರೆ ಇದು ಬೆಂಗಾಡು. ವರುಷವಿಡೀ ಬೀಳುವ ಮಳೆಯು ಸುಮಾರು 550ರಿಂದ 600 ಮಿಲಿಮೀಟರು ಮಾತ್ರ. ಮಲೆನಾಡಿನ ಆಗುಂಬೆಯಲ್ಲಿ ಇದರ ಹತ್ತು ಪಟ್ಟಿಗೂ ಹೆಚ್ಚು ಬೀಳುತ್ತದೆ. ಕೆಂಪು ಮರಳುಗಲ್ಲಿನ ಗುಡ್ಡಗಳು, ಕುರುಚಲು ಗಿಡ, ಜೋಳದ ಹೊಲ, ಇವೇ ಕಣ್ಣಿಗೆ ಬೀಳುವ ನೋಟ. ಇಂಥ ನೆಲದಲ್ಲಿ ಒಂದು ರಾಜ್ಯವು ಹುಟ್ಟಿ ಇನ್ನೂರು ವರುಷ ಬಾಳಿತೆಂದರೆ, ಆ ಜನರು ಮೊದಲು ಗೆದ್ದದ್ದು ವೈರಿಯನ್ನಲ್ಲ, ಬಾಯಾರಿಕೆಯನ್ನು.

ಗುಳೇದಗುಡ್ಡ

ಗುಳೇ ಹೋದ ಜನರು ಬಂದು ನೆಲೆನಿಂತ ಗುಡ್ಡವಾದುದರಿಂದ ಗುಳೇದಗುಡ್ಡವೆಂದು ಹೆಸರಾಯಿತೆಂದು ಊರವರು ಹೇಳುವರು. ಊರಿನ ನೆತ್ತಿಯ ಮೇಲೆ ಗುಡ್ಡವಿದೆ, ಅದರ ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಆದರೆ ಈ ಊರಿನಲ್ಲಿ ನೋಡತಕ್ಕದ್ದು ಕೋಟೆಗಿಂತಲೂ ಮಿಗಿಲಾಗಿ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ ಹಾಕಿದ ಮಾಳಿಗೆ, ನೆತ್ತಿಯಲ್ಲೊಂದು ಬೆಳಕಿಂಡಿ. ಹೊರಗೆ ವೈಶಾಖದ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಆ ಬೆಳಕಿಂಡಿಯ ಕೆಳಗೆ ನೆಲದಲ್ಲಿ ಒಂದು ತಗ್ಗು ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಕಾರನು ಮಗ್ಗದ ಮುಂದೆ ಕುಳಿತಿರುತ್ತಾನೆ. ಮನೆಯೊಡತಿ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಓಣಿಯಲ್ಲಿ ನಡೆಯುತ್ತಿದ್ದರೆ ಲಾಳಿಯ ಸಪ್ಪಳವು ಮನೆಯಿಂದ ಮನೆಗೆ ನಮ್ಮನ್ನು ಹಿಂಬಾಲಿಸುತ್ತದೆ.

ಇಲ್ಲಿ ನೇಯುವುದು ಖಣ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಜೊತೆಯೆಂದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ ಮಹಾರಾಷ್ಟ್ರದ ಹೆಣ್ಣುಮಕ್ಕಳೂ ತಲೆತಲಾಂತರದಿಂದ ತಿಳಿದುಕೊಂಡು ಬಂದಿದ್ದಾರೆ. ತವರಿಗೆ ಬಂದ ಮಗಳಿಗೆ ಉಡಿ ತುಂಬುವಾಗ ಖಣವಿಲ್ಲದಿದ್ದರೆ ತಾಯಿಯ ಮನಸ್ಸಿಗೆ ಸಮಾಧಾನವಿರದು. ತೇರು, ಆನೆಹೆಜ್ಜೆ, ತುಳಸಿಪಾನ, ಸೂರ್ಯನಾರಾಯಣ, ಕಳಾವರ ಎಂದು ಅದರ ಮೇಲಿನ ಚಿತ್ತಾರಗಳಿಗೆ ಹೆಸರುಗಳು. ಈ ಹೆಸರುಗಳನ್ನು ಮಕ್ಕಳಿಗೆ ಇಲ್ಲಿಯೇ ಕಲಿಸಿಡಿರಿ. ಮುಂದೆ ದೇವಾಲಯಗಳ ಕಂಬಗಳನ್ನು ನೋಡುವಾಗ ಅವರು ತಾವೇ ಹೂವು ಬಳ್ಳಿಗಳನ್ನು ಗುರುತಿಸಿ ಬೆರಳು ತೋರಿಸುವರು.

ಈ ನೇಯ್ಗೆಗೂ ನೀರಿಗೂ ಸಂಬಂಧವುಂಟು. ನೂಲು ತೊಳೆಯುವುದಕ್ಕೆ ನೀರು ಬೇಕು, ಬಣ್ಣ ಕಟ್ಟುವುದಕ್ಕೆ ನೀರು ಬೇಕು. ಹಾಸಿನ ಎಳೆ ಒಣಗಿ ಪಟಪಟನೆ ಹರಿಯದಿರಬೇಕಾದರೆ ತಗ್ಗಿನ ನೆಲದ ತಂಪೂ ಬೇಕು. ಖಣಕ್ಕೆ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ಸಂತೋಷದ ಸಂಗತಿ. ಆದರೆ ಉಡುಪಿನ ರೂಢಿ ಬದಲಾಯಿತು, ವಿದ್ಯುನ್ಮಗ್ಗದ ಬಟ್ಟೆ ಅಗ್ಗವಾಯಿತು, ಕೈಮಗ್ಗಗಳು ಒಂದೊಂದಾಗಿ ನಿಂತವು. ಆದುದರಿಂದ ಇಲ್ಲಿಗೆ ಬಂದ ಗೃಹಿಣಿಯು ನೇಕಾರನ ಕೈಯಿಂದಲೇ ಒಂದು ಖಣವನ್ನು ಕೊಂಡರೆ ಅದು ಬರಿಯ ನೆನಪಿನ ವಸ್ತುವಾಗದು, ಒಂದು ಮಗ್ಗಕ್ಕೆ ಒಂದು ದಿನದ ಕೂಲಿಯೂ ಆದೀತು. ಅಲ್ಲಿ ಚೌಕಾಶಿಗೆ ನಿಲ್ಲುವುದು ಮರ್ಯಾದೆಯಲ್ಲ.

ಬಾದಾಮಿಯ ಅಗಸ್ತ್ಯತೀರ್ಥ

ಗುಳೇದಗುಡ್ಡದಿಂದ ಬಾದಾಮಿಗೆ ಸುಮಾರು 20 ಕಿಲೋಮೀಟರು. ರೈಲಿನಲ್ಲಿ ಬರುವವರಿಗೆ ಗದಗ ಸೊಲ್ಲಾಪುರದ ದಾರಿಯಲ್ಲಿ ಬಾದಾಮಿ ನಿಲ್ದಾಣವಿದೆ. ನಿಲ್ದಾಣದಿಂದ ಊರಿಗೆ ಐದು ಕಿಲೋಮೀಟರಿನಷ್ಟು ದೂರ.

ಬಾದಾಮಿಯೇ ಹಿಂದಿನ ವಾತಾಪಿ. ವಾತಾಪಿಯೆಂಬ ರಕ್ಕಸನನ್ನು ಅಗಸ್ತ್ಯ ಋಷಿಗಳು ಉಂಡು ಜೀರ್ಣಿಸಿಕೊಂಡ ಕಥೆಯನ್ನು ಯಾವ ಅಜ್ಜಿ ತಾನೆ ಮೊಮ್ಮಕ್ಕಳಿಗೆ ಹೇಳಿಲ್ಲ? ಕಥೆಯ ಅಗಸ್ತ್ಯರ ಹೆಸರನ್ನು ಹೊತ್ತಿರುವುದು ಇಲ್ಲಿಯ ಕೆರೆ. ಎರಡು ಕಡೆ ಕಡಿದಾದ ಕೆಂಪು ಬಂಡೆಗಳು. ನಡುವಿನ ಕಣಿವೆಯ ಬಾಯಿಗೆ ಏರಿ ಹಾಕಿ ಮಳೆಯ ನೀರನ್ನು ನಿಲ್ಲಿಸಿದ್ದಾರೆ. ಮಳೆಗಾಲದಲ್ಲಿ ಬಂಡೆಗಳ ನೆತ್ತಿಯಿಂದ ನೀರು ಧಾರೆಯಾಗಿ ಬೀಳುತ್ತದೆ. ಅಕ್ಕತಂಗಿಯರೆಂದು ಜನರು ಆ ಜೋಡಿ ಧಾರೆಗಳನ್ನು ಕರೆಯುವರು. ಆ ನೀರೆಲ್ಲ ಕೆರೆಗೆ ಇಳಿಯುತ್ತದೆ. ಗುಡ್ಡವೇ ಬೊಗಸೆ, ಕೆರೆಯೇ ಬಿಂದಿಗೆ.

ಕ್ರಿ.ಶ. 543ರಲ್ಲಿ, ಶಕವರ್ಷ 465ರಲ್ಲಿ, ಒಂದನೆಯ ಪುಲಕೇಶಿಯು ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದನೆಂದು ಬಂಡೆಯ ಮೇಲೆ ಕೆತ್ತಿದೆ. ಏರಲಾಗದ ಬಂಡೆಯಿದ್ದರೆ ಸಾಲದು, ಮುತ್ತಿಗೆ ಬಿದ್ದಾಗ ಕುಡಿಯಲು ನೀರೂ ಬೇಕಲ್ಲವೆ? ಎರಡೂ ಒಂದೆಡೆ ದೊರೆತ ತಾಣವಿದು. ದಕ್ಷಿಣದ ಬಂಡೆಯಲ್ಲಿ ನಾಲ್ಕು ಗುಹಾಲಯಗಳಿವೆ. ಮೊದಲನೆಯದರಲ್ಲಿ ಹದಿನೆಂಟು ತೋಳುಗಳ ನಟರಾಜ, ಎರಡನೆಯದೂ ಮೂರನೆಯದೂ ವಿಷ್ಣುವಿಗೆ, ನಾಲ್ಕನೆಯದು ಜೈನರದು. ಮೂರನೆಯದನ್ನು ಮಂಗಳೇಶನು ಕ್ರಿ.ಶ. 578ರಲ್ಲಿ ಮಾಡಿಸಿದನು. ಮುದುಕರು ಮೆಟ್ಟಿಲುಗಳನ್ನು ಬೆಳಗಿನ ತಂಪಿನಲ್ಲಿಯೇ ಏರತಕ್ಕದ್ದು. ಕೋತಿಗಳ ಕಾಟವಿರುವುದರಿಂದ ಕೈಯಲ್ಲಿ ತಿಂಡಿಯ ಗಂಟು ಬೇಡ.

ಗುಹೆಗಳನ್ನು ನೋಡಿ ಇಳಿದ ಮೇಲೆ ಹೆಚ್ಚಿನವರು ಗಾಡಿ ಹತ್ತಿಬಿಡುವರು. ಹಾಗೆ ಮಾಡದೆ ಕೆರೆಯ ದಂಡೆ ಹಿಡಿದು ನಡೆಯಿರಿ. ಮೂಡಣ ದಂಡೆಯಲ್ಲಿ ಭೂತನಾಥನ ಗುಡಿಗಳು ನೀರಿಗೆ ಅಂಟಿಕೊಂಡೇ ನಿಂತಿವೆ. ಬಡಗಣ ಬದಿಯಲ್ಲಿ ವಸ್ತುಸಂಗ್ರಹಾಲಯವಿದೆ, ಶುಕ್ರವಾರ ಅದಕ್ಕೆ ರಜೆ. ಕೆರೆಯ ಈಶಾನ್ಯಕ್ಕೆ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕ್ರಿ.ಶ. 700ರ ಸುಮಾರಿನದು. ನಮ್ಮ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡುತ್ತ ಬಂದ ತ್ರಿಪದಿಯು ಬರಹದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ಈ ಬಂಡೆಯ ಮೇಲೆ. ಇಂದಿಗೂ ಊರ ಹೆಂಗಸರು ಕೆರೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಸಪ್ಪಳವು ಎದುರಿನ ಬಂಡೆಗೆ ಬಡಿದು ಮರಳಿ ಬರುತ್ತದೆ. ಸಾವಿರದ ನಾನೂರು ವರುಷಗಳ ಕೆರೆಯೊಂದು ಇನ್ನೂ ಊರಿನ ಕೆಲಸಕ್ಕೆ ಬರುತ್ತಿರುವುದು ಸಣ್ಣ ಸಂಗತಿಯಲ್ಲ.

ಮಹಾಕೂಟದ ಪುಷ್ಕರಿಣಿ

ಎರಡನೆಯ ದಿನ ಮಹಾಕೂಟಕ್ಕೆ ಹೋಗತಕ್ಕದ್ದು. ಬಾದಾಮಿಯಿಂದ ಗುಡ್ಡ ದಾಟಿ ಹೋಗುವ ಹಳೆಯ ಕಾಲುದಾರಿಯೂ ಉಂಟು. ಗಟ್ಟಿಗರಾದ ಹುಡುಗರಿಗೆ ಅದು ಸೊಗಸು. ಮಿಕ್ಕವರಿಗೆ ರಸ್ತೆಯೇ ಲೇಸು.

ಮಹಾಕೂಟದಲ್ಲಿ ಕಾಲಿಟ್ಟೊಡನೆ ಬೇರೊಂದು ಸೀಮೆಗೆ ಬಂದಂತಾಗುತ್ತದೆ. ದೊಡ್ಡ ದೊಡ್ಡ ಮರಗಳ ನೆರಳು, ಸುತ್ತಲೂ ಗುಡಿಗಳ ಗುಂಪು, ನಡುವೆ ತಿಳಿನೀರಿನ ಹೊಂಡ. ಇದೇ ವಿಷ್ಣುಪುಷ್ಕರಿಣಿ. ಸುತ್ತಲಿನ ಮರಳುಗಲ್ಲಿನ ಗುಡ್ಡಗಳ ಮೇಲೆ ಬಿದ್ದ ಮಳೆಯು ಬಿರುಕುಗಳೊಳಗೆ ಇಂಗಿ, ಮೆಲ್ಲಮೆಲ್ಲಗೆ ಇಳಿದು, ಗುಡ್ಡದ ಅಡಿಯಲ್ಲಿ ಸೆಲೆಯಾಗಿ ಹೊರಬೀಳುತ್ತದೆ. ಹೊಂಡದ ನಡುವಿನ ಪುಟ್ಟ ಮಂಟಪದಲ್ಲಿ ನಾಲ್ಕು ಮುಖಗಳ ಲಿಂಗವಿದೆ. ಈಜು ಬಲ್ಲವರು ನೀರಿನಲ್ಲಿಯೇ ಹೋಗಿ ಅದರ ದರ್ಶನ ಪಡೆಯುವರು.

ಮಹಾಕೂಟದಲ್ಲಿ ನಿಂತಿದ್ದ ಧರ್ಮಜಯಸ್ತಂಭವೆಂಬ ಶಾಸನದ ಕಂಬವು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದು ಕ್ರಿ.ಶ. 602ರ ಸುಮಾರಿನ ಮಂಗಳೇಶನ ಕಾಲದ್ದು. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯು ಈ ದೇವರಿಗೆ ಹಳ್ಳಿಗಳನ್ನು ದತ್ತಿಯಾಗಿ ಬಿಟ್ಟ ಸಂಗತಿಯು ಅದರಲ್ಲಿದೆ. ಗಂಡಂದಿರು ಗೆದ್ದ ಯುದ್ಧಗಳು ಪುಸ್ತಕದಲ್ಲಿ ಉಳಿದವು. ರಾಣಿಯು ದತ್ತಿ ಬಿಟ್ಟ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಅದರ ಮುಂದಿನ ನೀರು ಇಂದಿಗೂ ಚಿಮ್ಮುತ್ತದೆ.

ಒಂದು ಬೆಳಿಗ್ಗೆ ನಾವು ಈ ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ ಪಟ್ಟಣದಿಂದ ಬಂದ ಹುಡುಗನೊಬ್ಬನು ಸಾಬೂನು ಹಚ್ಚಿಕೊಳ್ಳುವುದಕ್ಕೆ ತೊಡಗಿದನು. ಬದಿಯಲ್ಲಿ ಸೆರಗು ಹಿಂಡುತ್ತಿದ್ದ ಮುದುಕಿಯು ಸಿಟ್ಟುಮಾಡಲಿಲ್ಲ. “ಸಬಕಾರ ಬ್ಯಾಡೋ ತಮ್ಮಾ, ನಿನ್ನ ಹಿಂದ ಬರೋರಿಗೂ ಈ ನೀರ ಬೇಕೋ,” ಎಂದಳು. ಹುಡುಗನು ನಾಚಿ ಸಾಬೂನನ್ನು ಚೀಲಕ್ಕೆ ಹಾಕಿದನು. ಪುರಾತತ್ವ ಇಲಾಖೆಯ ಫಲಕಗಳಲ್ಲಿ ನಾವು ಬಹಳ ಓದಿದ್ದೇವೆ. ಆದರೆ ಈ ಸ್ಥಳದ ಕಾಯಿದೆಯನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ಬೇರೆ ಕಂಡಿಲ್ಲ.

ಬನಶಂಕರಿಯ ಹರಿದ್ರಾತೀರ್ಥ

ಅದೇ ದಿನ ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಬರಬಹುದು. ಬಾದಾಮಿಯಿಂದ ಐದು ಕಿಲೋಮೀಟರು, ಚೊಳಚಗುಡ್ಡದ ಬಳಿ. ಗುಡಿಯ ಮುಂದೆ ಹೆಂಗಸರು ಬುಟ್ಟಿಗಳಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಪುಟ್ಟ ಗಡಿಗೆಯ ಗಟ್ಟಿಮೊಸರು ತಂದು ಮಾರುವರು. ಅದನ್ನು ಉಂಡವರು ಹೊಟೇಲನ್ನು ಹುಡುಕಲಾರರು.

ಬನಶಂಕರಿಗೆ ಶಾಕಾಂಭರಿಯೆಂಬ ಹೆಸರೂ ಉಂಟು. ನೂರು ವರುಷ ಮಳೆಯಿಲ್ಲದೆ ಜಗತ್ತು ಒಣಗಿದಾಗ ದೇವಿಯು ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಹುಟ್ಟಿಸಿ ಜೀವಿಗಳನ್ನು ಸಲಹಿದಳೆಂದು ಪುರಾಣವು ಹೇಳುತ್ತದೆ. ಬರವನ್ನು ಬಲ್ಲ ಜನರಿಗೆ ಇಂಥ ತಾಯಿ ಕುಲದೇವತೆಯಾದುದು ಸಹಜವೇ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯ. ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೀಡುಬಿಟ್ಟು ವಾರಗಟ್ಟಲೆ ಆಟವಾಡುವುವು. ಈಗಿರುವ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆಯು ಜೀರ್ಣೋದ್ಧಾರ ಮಾಡಿಸಿದನು.

ಗುಡಿಯ ಮುಂದಿನ ವಿಶಾಲವಾದ ಚೌಕ ಹೊಂಡವೇ ಹರಿದ್ರಾತೀರ್ಥ. ಅದರ ದಂಡೆಗಳಲ್ಲಿ ಕಲ್ಲುಕಂಬಗಳ ಸಾಲುಮಂಟಪಗಳಿವೆ. ಯಾತ್ರಿಕರು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಲೆಂದು, ರಾತ್ರಿ ಮಲಗಲೆಂದು ಕಟ್ಟಿದವರು ಕಟ್ಟಿದ್ದಾರೆ. ಬರದ ವರುಷಗಳಲ್ಲಿ ಈ ಹೊಂಡವು ಬತ್ತಿದ್ದೂ ಉಂಟು. ತುಂಬಿದಾಗ ಅದರಲ್ಲಿ ದೀಪಗಂಬದ ನೆರಳು ತೂಗಾಡುತ್ತದೆ. ಬತ್ತಿದಾಗ ಅದೇ ಹೊಂಡವು ಒಡೆದ ಮಣ್ಣಿನ ಅಂಗಳ. ಶಾಕಾಂಭರಿಯ ಕಥೆಯನ್ನು ಆಗ ಯಾರೂ ವಿವರಿಸಬೇಕಾಗಿಲ್ಲ.

ಮಲಪ್ರಭೆಯ ದಂಡೆ

ಮೂರನೆಯ ದಿನ ಹೊಳೆಯ ದಿನ. ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿಯಿಂದ 22 ಕಿಲೋಮೀಟರಿನಷ್ಟು ದೂರದ ಪಟ್ಟದಕಲ್ಲಿನಲ್ಲಿ ಅದು ಉತ್ತರಕ್ಕೆ ಮುಖ ತಿರುಗಿಸುತ್ತದೆ. ಉತ್ತರವಾಹಿನಿಯು ಪವಿತ್ರವೆಂಬ ನಂಬಿಕೆಯಿಂದಲೇ ಚಾಲುಕ್ಯರು ಇಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡರು. ವಿಜಯಾದಿತ್ಯನು ಸಂಗಮೇಶ್ವರವನ್ನು ಕಟ್ಟಿಸಿದನು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿಯು ಕ್ರಿ.ಶ. 740ರ ಸುಮಾರಿಗೆ ವಿರೂಪಾಕ್ಷ ದೇವಾಲಯವನ್ನೂ, ಆಕೆಯ ತಂಗಿಯಾದ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯು ಮಗ್ಗುಲಿನ ಮಲ್ಲಿಕಾರ್ಜುನವನ್ನೂ ಕಟ್ಟಿಸಿದರು. ವಿರೂಪಾಕ್ಷದ ಶಿಲ್ಪಿಯಾದ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿ ಉಳಿದಿದೆ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಗಳ ಸುತ್ತ ಹುಲ್ಲುಹಾಸಿನ ಉದ್ಯಾನವಿದೆ, ಮಕ್ಕಳು ಓಡಾಡಬಹುದು.

ಪೂರ್ವದ ಬಾಗಿಲಿನಿಂದ ಹೊಳೆಗೆ ಇಳಿದು ನೋಡಿರಿ. ಬೇಸಿಗೆಯಲ್ಲಿ ನೀರು ಎಳೆಯಷ್ಟಾಗುತ್ತದೆ. ಆದರೆ 2009ರಲ್ಲಿ ಇದೇ ಹೊಳೆ ಉಕ್ಕಿ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. 2019ರ ಆಗಸ್ಟ್ ತಿಂಗಳಲ್ಲಿ ಮೇಲಿನ ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಪಟ್ಟದಕಲ್ಲಿನ ಗುಡಿಗಳೊಳಗೂ ನೀರು ಹೊಕ್ಕಿತು. ದಂಡೆಗಳನ್ನು ಒತ್ತಿ ಉಳುತ್ತ ಬಂದುದರಿಂದ ಹೊಳೆಯ ಪಾತ್ರವು ಕಿರಿದಾಗಿರುವುದನ್ನು ಬಲ್ಲವರು ಹೇಳುತ್ತಲೇ ಇದ್ದಾರೆ. ಹರಿಯಲು ಎಡೆಯಿಲ್ಲದ ನೀರು ಮನೆಯನ್ನು ಹೊಗುತ್ತದೆ. ಅದು ದೇವರ ಮನೆಯೋ ಒಕ್ಕಲಿಗನ ಮನೆಯೋ ಎಂದು ನೋಡುವುದಿಲ್ಲ.

ಅಲ್ಲಿಂದ 14 ಕಿಲೋಮೀಟರಿನಷ್ಟು ಮುಂದೆ ಐಹೊಳೆ. ಪರಶುರಾಮನು ರಕ್ತದ ಕೊಡಲಿಯನ್ನು ತೊಳೆದಾಗ ಕೆಂಪಾದ ನೀರನ್ನು ಕಂಡು ಜನರು “ಅಯ್ಯೋ ಹೊಳೆ” ಎಂದರೆಂದು ಕಥೆ. ಶಾಸನಗಳಲ್ಲಿ ಇದು ಅಯ್ಯಾವೊಳೆ, ಅಯ್ನೂರ್ವರೆಂಬ ವರ್ತಕರ ಸಂಘದ ತವರು. ಗುಡ್ಡದ ಮೇಲಿನ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ನಾವು ಅರಿತದ್ದು ಹೆಚ್ಚಾಗಿ ಅದರಿಂದಲೇ.

ಐಹೊಳೆಯಲ್ಲಿ ದೇವರ ಮನೆಗಳು ಮನುಷ್ಯರ ಮನೆಗಳೂ ಆಗಿದ್ದವು. ನೂರಕ್ಕೂ ಮಿಕ್ಕ ಗುಡಿಗಳ ನಡುವೆ ಊರು ಬೆಳೆಯಿತು. ಪಾಳುಬಿದ್ದ ಗುಡಿಯಲ್ಲಿ ಸಂಸಾರಗಳು ನೆಲೆಸಿದವು. ಲಾಡಖಾನನೆಂಬವನು ವಾಸವಾಗಿದ್ದುದರಿಂದಲೇ ಒಂದು ಶಿವಾಲಯಕ್ಕೆ ಇಂದಿಗೂ ಲಾಡಖಾನ ಗುಡಿಯೆಂದು ಹೆಸರು. ಅದರ ಮಾಡಿನ ಚಪ್ಪಡಿಗಳ ಸಂದುಗಳನ್ನು ಮರದ ತೊಲೆಯಂತೆ ಕಡೆದ ಉದ್ದ ಕಲ್ಲುಗಳಿಂದ ಮುಚ್ಚಿದ್ದಾರೆ. ಮಳೆನೀರು ಸೋರದಂತೆ ಮರಗೆಲಸದವನ ಜಾಣ್ಮೆಯನ್ನು ಕಲ್ಲುಕುಟಿಗನು ಎರವಲು ಪಡೆದಿದ್ದಾನೆ. ಸ್ಮಾರಕಗಳಿಗಾಗಿ ಊರನ್ನೇ ಬೇರೆಡೆಗೆ ಸಾಗಿಸುವ ಮಾತು ಬಹುಕಾಲದಿಂದ ನಡೆದಿದೆ. ಗುಡಿಗಳು ಉಳಿಯಬೇಕೆಂಬುದು ದಿಟ. ಆದರೆ ಶತಮಾನಗಳಿಂದ ಅವುಗಳ ನೆರಳಿನಲ್ಲಿ ಒಲೆ ಹೊತ್ತಿಸಿದವರ ಮಾತನ್ನು ಕೇಳದೆ ಆ ಕೆಲಸವಾಗಬಾರದು.

ಹೊತ್ತು ಉಳಿದವರು ಹುನಗುಂದ ತಾಲೂಕಿನ ಕೂಡಲಸಂಗಮಕ್ಕೂ ಹೋಗಿ ಬರಬಹುದು. ಬಸವಣ್ಣನವರು ವಿದ್ಯೆ ಕಲಿತದ್ದೂ ಐಕ್ಯರಾದದ್ದೂ ಅಲ್ಲಿಯೇ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಐಕ್ಯಮಂಟಪವು ಮುಳುಗದಂತೆ ಸುತ್ತಲೂ ಬಾವಿಯ ಗೋಡೆಯಂಥ ಕಟ್ಟಡವನ್ನು ಎಬ್ಬಿಸಿದ್ದಾರೆ; ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ನೀರನ್ನು ಒಳಗೆ ಹಿಡಿದಿಡಲು ಕಟ್ಟಿದ ಗೋಡೆಗಳನ್ನು ಮೂರು ದಿನ ನೋಡಿದವರು, ನೀರನ್ನು ಹೊರಗೆ ನಿಲ್ಲಿಸಲು ಕಟ್ಟಿದ ಗೋಡೆಯನ್ನು ಕೊನೆಗೆ ಇಲ್ಲಿ ನೋಡುವರು.

ಕೆಲವು ಸೂಚನೆಗಳು

ಈ ಪ್ರವಾಸಕ್ಕೆ ಮಳೆ ಹಿಂದೆಗೆದ ಮೇಲಿನ ದಿನಗಳು, ಎಂದರೆ ಕಾರ್ತಿಕದಿಂದ ಮಾಘದವರೆಗೆ, ಬಹಳ ಒಳ್ಳೆಯವು. ಬಾದಾಮಿಯಲ್ಲಿ ವಸತಿ ಹಿಡಿದರೆ ಎಲ್ಲವೂ ಸುಲಭ. ಕಲ್ಲು ಕಾಯುವುದರಿಂದ ಕಾಲಿಗೆ ಮೆಟ್ಟು, ತಲೆಗೆ ಟೊಪ್ಪಿಗೆ ಇಲ್ಲವೆ ಸೆರಗು, ಜೊತೆಗೆ ಮನೆಯಿಂದ ತಂದ ನೀರಿನ ತಂಬಿಗೆ, ಇಷ್ಟನ್ನು ಮರೆಯಬಾರದು. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಒಯ್ದರೆ ಮರಳಿ ತರತಕ್ಕದ್ದು. ತೀರ್ಥಗಳಲ್ಲಿ ಸಾಬೂನು, ಎಣ್ಣೆ, ಹಳೆಯ ಬಟ್ಟೆಗಳನ್ನು ಬಿಡಲಾಗದು; ಪುಣ್ಯ ಬೇಕೆಂದು ಬಂದವರು ನೀರನ್ನು ಕೆಡಿಸಿ ಹೋದರೆ ಅದಕ್ಕೆ ಏನು ಹೆಸರು?

ಅರಸರು ಹೋದರು, ರಾಜಧಾನಿ ಹೋಯಿತು. ಕಲ್ಲನ್ನು ಕಾಯುವುದಕ್ಕೆ ಸರಕಾರದ ಇಲಾಖೆಯಿದೆ, ಕಾವಲುಗಾರರಿದ್ದಾರೆ. ನೀರನ್ನು ಕಾಯುವುದಕ್ಕೆ ಮಾತ್ರ ಅದರ ಮೆಟ್ಟಿಲಿಳಿಯುವ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಆಗಬೇಕು. ಇಂದು ನಮ್ಮ ಕೈಹಿಡಿದು ಮಹಾಕೂಟದ ಮೆಟ್ಟಿಲಿಳಿದ ಮಗುವು ನಾಳೆ ತನ್ನ ಮಕ್ಕಳನ್ನು ಕರೆದುಕೊಂಡು ಬರುವುದು. ಆಗಲೂ ಆ ಹೊಂಡದಲ್ಲಿ ತಳ ಕಾಣುವ ತಿಳಿನೀರಿರಬೇಕು. ಆ ಮುದುಕಿಯ ಮಾತು ನಡೆದರೆ ಇದ್ದೀತು.